ಇಕ್ಕೇರಿ ವರಹದಿಂದ ಮೂರಂಕಿಯ ಗುಟ್ಟಿನವರೆಗೆ

ಬ್ಯಾಂಕಿನವರು ಕೊಡುವ ಕಾರ್ಡನ್ನು ಮಗುಚಿ ನೋಡಿದರೆ ಸಾಮಾನ್ಯವಾಗಿ ಅದರ ಹಿಂಬದಿಯಲ್ಲಿ ಮೂರು ಅಂಕಿಗಳು ಸಣ್ಣದಾಗಿ ಅಚ್ಚಾಗಿರುತ್ತವೆ. ಅದಕ್ಕೆ ಸಿ.ವಿ.ವಿ. ಎಂದು ಹೆಸರು. ಅಂಗಡಿಗೆ ಹೋಗದೆ ಮನೆಯಲ್ಲಿಯೇ ಕುಳಿತು ಅಂತರಜಾಲದ ಮೂಲಕ ಸಾಮಾನು ಕೊಳ್ಳುವವರು ಆ ಮೂರಂಕಿಗಳನ್ನು ತಿಳಿಸಬೇಕಾಗುತ್ತದೆ. ತಿಳಿಸಿದರೆ, ಕಾರ್ಡು ಅವರ ಕೈಯಲ್ಲಿಯೇ ಇದೆ ಎಂದು ಬ್ಯಾಂಕು ನಂಬುತ್ತದೆ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ಬ್ಯಾಂಕಿನ ಮಾತೇಕೆ ಎಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಶಾಸನಗಳನ್ನೂ ಹಳೆಯ ಕಾಗದಪತ್ರಗಳನ್ನೂ ಓದುತ್ತ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಆ ಮೂರಂಕಿ ಹೊಸ ವಸ್ತುವಾಗಿ ಕಾಣಲಿಲ್ಲ. ಈ ಹಣ ಸಲ್ಲತಕ್ಕದ್ದೇ, ಈ ಪತ್ರ ಬರೆದವನು ಬರೆಯತಕ್ಕವನೇ ಎಂಬ ಪ್ರಶ್ನೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಈ ಮಲೆಸೀಮೆಯಲ್ಲಿ ಬಹಳ ಹಿಂದಿನಿಂದ ಕೇಳಿಬಂದಿರುವ ಪ್ರಶ್ನೆ. ಅದಕ್ಕೆ ಅಂದಿನವರು ಕಂಡುಕೊಂಡ ಉತ್ತರವನ್ನೂ ಇಂದಿನವರ ಉತ್ತರವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂಬುದು ನನ್ನ ಇಂದಿನ ಉದ್ದೇಶ.

ಕನ್ನಡದಲ್ಲಿ ಎರಡು ಮಾತುಗಳುಂಟು: ಒಂದು ಗುರುತು, ಇನ್ನೊಂದು ಗುಟ್ಟು. ಗುರುತೆಂಬುದು ಎಲ್ಲರಿಗೂ ಕಾಣಬೇಕಾದದ್ದು. ಕಂಡಷ್ಟೂ ಅದರ ಬೆಲೆ ಹೆಚ್ಚು. ಗುಟ್ಟು ಹಾಗಲ್ಲ; ಇನ್ನೊಬ್ಬನಿಗೆ ತಿಳಿದ ಗಳಿಗೆಯಲ್ಲಿಯೇ ಅದರ ಬೆಲೆ ಮುಗಿಯಿತು. ಕೆಳದಿಯ ಅರಸರ ಕಾಲದ ಹಣಕಾಸಿನ ವ್ಯವಹಾರ ಬಹುಮಟ್ಟಿಗೆ ಗುರುತಿನ ಮೇಲೆ ನಿಂತಿತ್ತು. ನಮ್ಮದು ಗುಟ್ಟಿನ ಮೇಲೆ ನಿಂತಿದೆ. ಈ ಬದಲಾವಣೆಯೊಡನೆ ಇನ್ನೊಂದು ಸಂಗತಿಯೂ ಬದಲಾಯಿತು. ಮೋಸವಾದಾಗ ನಷ್ಟ ಯಾರ ತಲೆಗೆ ಬರತಕ್ಕದ್ದು ಎಂಬುದೇ ಆ ಸಂಗತಿ. ಇತಿಹಾಸಕಾರರು ಇದನ್ನು ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ.

ಮೊದಲು ನಾಣ್ಯವನ್ನು ತೆಗೆದುಕೊಳ್ಳೋಣ. ಕೆಳದಿಯ ಮನೆತನ ಸುಮಾರು 1500ರ ಹೊತ್ತಿಗೆ ತಲೆಯೆತ್ತಿತು. ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ ಬಂತು. ಇವೆರಡೂ ಇಂದಿನ ಸಾಗರ ತಾಲ್ಲೂಕಿನಲ್ಲಿವೆ. ಅಲ್ಲಿಂದ ಮುಂದೆ ಹದಿನೇಳನೆಯ ಶತಮಾನದ ನಡುಭಾಗಕ್ಕೆ ಮುನ್ನವೇ ಅದು ಬಿದನೂರಿಗೆ ಹೋಯಿತು. ಅದೇ ಹೊಸನಗರ ತಾಲ್ಲೂಕಿನ ನಗರ. ತೀರ್ಥಹಳ್ಳಿಯ ಸೀಮೆಯಲ್ಲಿ ಕವಲೇದುರ್ಗದ ಕೋಟೆ ಅವರ ಬಲವಾದ ನೆಲೆಯಾಗಿತ್ತು. ಹೀಗೆ ಈ ಮೂರು ತಾಲ್ಲೂಕುಗಳೂ ಒಂದೇ ಸಂಸ್ಥಾನದ ಅಂಗಳಗಳೆಂದರೆ ತಪ್ಪಿಲ್ಲ. ಅವರು ಹೊಡೆಸಿದ ಚಿನ್ನದ ನಾಣ್ಯವೇ ಇಕ್ಕೇರಿ ವರಹ. ಒಂದು ಮುಖದಲ್ಲಿ ಕುಳಿತಿರುವ ಶಿವಪಾರ್ವತಿಯರು. ಇನ್ನೊಂದು ಮುಖದಲ್ಲಿ ನಾಗರೀ ಲಿಪಿಯಲ್ಲಿ ಶ್ರೀ ಸದಾಶಿವ ಎಂಬ ಬರೆಹ. ತೂಕ ಹೆಚ್ಚುಕಡಿಮೆ ಮೂರೂವರೆ ಗ್ರಾಂ. ರಾಜಧಾನಿ ಬಿದನೂರಿಗೆ ಹೋದಮೇಲೂ ನಾಣ್ಯದ ಹೆಸರು ಬದಲಾಗಲಿಲ್ಲ. ಟಂಕಸಾಲೆ ಬೇರೆ ಕಡೆಗಿದ್ದರೂ ಜನ ಅದನ್ನು ಇಕ್ಕೇರಿ ವರಹವೆಂದೇ ಕರೆದರು. ನಂಬಿಕೆ ಕೂತದ್ದು ಹೆಸರಿನ ಮೇಲೆ. ಅದನ್ನು ಕದಲಿಸುವ ಧೈರ್ಯ ಅರಸರಿಗೂ ಇರಲಿಲ್ಲ.

1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದನಷ್ಟೆ. ಆಮೇಲೆ ಅವನು ಮಾಡಿದ ಕೆಲಸ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಊರಿನ ಹೆಸರನ್ನು ಹೈದರನಗರವೆಂದು ಬದಲಿಸಿದ. ನಾಣ್ಯದ ಶಿವಪಾರ್ವತಿಯರನ್ನು ಮಾತ್ರ ಹಾಗೆಯೇ ಉಳಿಸಿಕೊಂಡ. ಹಿಂಬದಿಯಲ್ಲಿ ಸದಾಶಿವನ ಹೆಸರಿದ್ದ ಜಾಗಕ್ಕೆ ತನ್ನ ಹೆಸರಿನ ಮೊದಲಕ್ಷರವೊಂದನ್ನು ಪಾರಸಿ ಲಿಪಿಯಲ್ಲಿ ಹಾಕಿಸಿದ. ಗೆದ್ದವನು ಬಿಟ್ಟ ಗುರುತು ಒಂದೇ ಅಕ್ಷರ, ಅದೂ ಬೆನ್ನಿನ ಮೇಲೆ! ಇದನ್ನು ಧರ್ಮಸಹಿಷ್ಣುತೆ ಎಂದು ಕೆಲವರು ಹೊಗಳುತ್ತಾರೆ. ಇದ್ದರೂ ಇರಬಹುದು. ಅದಕ್ಕಿಂತ ಮುಖ್ಯವಾದದ್ದು ಚಿನಿವಾರನ ಕಣ್ಣು ಎಂದು ನನ್ನ ಎಣಿಕೆ. ಮಂಗಳೂರಿನಿಂದ ಘಟ್ಟದ ಮೇಲಿನವರೆಗೆ ಮೆಣಸು, ಅಡಿಕೆ, ಅಕ್ಕಿಯ ವ್ಯಾಪಾರವೆಲ್ಲ ಆ ಚಿತ್ರದ ಪರಿಚಯದ ಮೇಲೆ ನಡೆಯುತ್ತಿದ್ದಾಗ ಮುಖವನ್ನೇ ಬದಲಿಸಿದರೆ ನಾಣ್ಯ ಸಲ್ಲುತ್ತಿರಲಿಲ್ಲ. 1799ರ ತರುವಾಯ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದ ಮೇಲೂ ಅದೇ ದಂಪತಿಗಳು ಬಂದು ಕುಳಿತರು.

ಖೊಟ್ಟಿ ನಾಣ್ಯ ಆಗಲೂ ಇತ್ತು. ಅದಕ್ಕೆ ಮದ್ದು ಒರೆಗಲ್ಲು ಮತ್ತು ತಕ್ಕಡಿ. ನಾಣ್ಯದ ಸತ್ಯ ನಾಣ್ಯದೊಳಗೇ ಇತ್ತು, ಪರೀಕ್ಷಿಸಲು ಯಾವ ಗುಟ್ಟೂ ಬೇಕಿರಲಿಲ್ಲ. ನೋಡಿ ತೆಗೆದುಕೊಳ್ಳುವುದು ತೆಗೆದುಕೊಳ್ಳುವವನ ಹೊಣೆ. ಮೋಸಹೋದರೆ ನಷ್ಟವೂ ಅವನದೇ. ಆದ್ದರಿಂದಲೇ ಸಂತೆಯಲ್ಲಿ ಚಿನಿವಾರನಿಗೆ ಅಷ್ಟು ಮರ್ಯಾದೆ.

ಪತ್ರಗಳ ವಿಷಯ ಇಷ್ಟು ಸರಳವಲ್ಲ. ಚಿನ್ನದ ಬೆಲೆ ಚಿನ್ನದಲ್ಲಿದೆ, ತಾಮ್ರಪಟದ ಬೆಲೆ ತಾಮ್ರದಲ್ಲಿಲ್ಲ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನವನೆಂಬುದು ಹೆಮ್ಮೆಯ ಸಂಗತಿ. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಈ ವಿಷಯದ ವಿವರಣೆ ಬೆರಗುಗೊಳಿಸುವಂತಿದೆ. ಅರಸನ ದಾನಪತ್ರ ಬಟ್ಟೆಯ ಮೇಲೋ ತಾಮ್ರದ ಮೇಲೋ ಇರಬೇಕು. ಅದಕ್ಕೆ ಅವನ ಮುದ್ರೆ ಬೀಳಬೇಕು. ಅವನ ಸ್ವಹಸ್ತದ ಒಪ್ಪವೂ ಕಾಲದ ಉಲ್ಲೇಖವೂ ಇರಬೇಕು. ಸಾಮಾನ್ಯರ ಸಾಲದ ಪತ್ರದಲ್ಲಾದರೆ, ಇಂಥವನ ಮಗನಾದ ನಾನು ಮೇಲೆ ಬರೆದದ್ದಕ್ಕೆ ಒಪ್ಪಿದ್ದೇನೆ ಎಂದು ಸಾಲಗಾರನೇ ಕೈಯಾರೆ ಬರೆಯಬೇಕು. ಸಂಶಯ ಬಂದಾಗ ಅವನದೇ ಬೇರೆ ಬರವಣಿಗೆಯೊಡನೆ ದಸ್ತೂರನ್ನು ಹೋಲಿಸಿ ನೋಡಬೇಕು. ಒಂದೇ ಸಾಕ್ಷ್ಯವನ್ನು ನಂಬದೆ ಎರಡು ಮೂರನ್ನು ಸೇರಿಸಿ ಕೇಳುವ ಕ್ರಮ ಅಷ್ಟು ಹಳೆಯದು. ಕಳ್ಳ ಶಾಸನಕ್ಕೆ ಕೂಟಶಾಸನವೆಂದು ಹೆಸರು. ಅದನ್ನು ಮಾಡಿದವನಿಗೆ ಮನುಸ್ಮೃತಿ ಮರಣದಂಡನೆಯನ್ನೇ ವಿಧಿಸುತ್ತದೆ. ದಂಡನೆ ಅಷ್ಟು ಕಠಿನವಾಗಿದೆಯೆಂದರೆ, ಕಸುಬು ಅಷ್ಟು ಲಾಭದಾಯಕವಾಗಿತ್ತೆಂದೇ ಅರ್ಥ.

ವಿಜಯನಗರದ ತಾಮ್ರಶಾಸನಗಳನ್ನು ನೋಡಿದವರಿಗೆ ಗೊತ್ತು: ಶಾಸನವೆಲ್ಲ ಸಂಸ್ಕೃತದಲ್ಲಿ, ನಾಗರೀ ಲಿಪಿಯಲ್ಲಿದ್ದು, ಕೊನೆಯಲ್ಲಿ ಶ್ರೀ ವಿರೂಪಾಕ್ಷ ಎಂಬ ಒಪ್ಪ ಮಾತ್ರ ದಪ್ಪನೆಯ ಕನ್ನಡ ಅಕ್ಷರಗಳಲ್ಲಿರುತ್ತದೆ. ಕೆಳದಿಯವರ ಒಪ್ಪ ಶ್ರೀ ಸದಾಶಿವ. ಅರಸ ತನ್ನ ಹೆಸರನ್ನು ಬರೆಯುವುದಿಲ್ಲ, ದೇವರ ಹೆಸರನ್ನು ಬರೆಯುತ್ತಾನೆ. ಒಪ್ಪ ಎಂಬ ಮಾತೇ ಚೆನ್ನಾಗಿದೆ. ಒಪ್ಪಿಗೆಯೂ ಅದರಲ್ಲಿದೆ, ಒಪ್ಪವಾಗಿ ಕಾಣುವ ಚೆಲುವೂ ಅದರಲ್ಲಿದೆ. ಲೂಯಿ ರೈಸ್ ಅವರು 1904ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿಗೇ ಮೀಸಲಾದದ್ದು. ಅಂದಿನ ನಗರ ತಾಲ್ಲೂಕೇ ಇಂದಿನ ಹೊಸನಗರ. ನಮ್ಮ ಕಡೆಯ ವಿದ್ಯಾರ್ಥಿಗಳು ಊರಿನ ಚರಿತ್ರೆ ಬೇಕೆಂದಾಗ ಗೂಗಲನ್ನು ಕೇಳುವ ಬದಲು ಆ ಸಂಪುಟವನ್ನೊಮ್ಮೆ ಕೈಗೆತ್ತಿಕೊಂಡರೆ ಚೆನ್ನು. ಅದೇ ರೈಸ್ ಅವರಿಗೂ ಫ್ಲೀಟ್ ಅವರಿಗೂ ಗಂಗರ ತಾಮ್ರಪಟಗಳ ವಿಷಯದಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಹಲವನ್ನು ಫ್ಲೀಟ್ ಅವರು ಕೂಟವೆಂದು ತಳ್ಳಿಹಾಕಿದರು. ರೈಸ್ ಸುಲಭವಾಗಿ ಒಪ್ಪಲಿಲ್ಲ. ಉಂಗುರವಿತ್ತು, ಮುದ್ರೆಯಿತ್ತು. ಫ್ಲೀಟರಿಗೆ ಅನುಮಾನ ಹುಟ್ಟಿಸಿದ್ದು ಅಕ್ಷರದ ಕಾಲ, ತಿಥಿಯ ಲೆಕ್ಕ, ಭಾಷೆಯ ರೂಪ.

ಇದೇ ತೊಡಕು ನಮ್ಮ ವಚನಗಳಲ್ಲಿಯೂ ಉಂಟು. ಅಂಕಿತವಿದೆಯೆಂದ ಮಾತ್ರಕ್ಕೆ ವಚನ ಆ ಶರಣರದೇ ಆಗಬೇಕಾಗಿಲ್ಲ. ಅಂಕಿತ ಎಲ್ಲರಿಗೂ ಗೊತ್ತಿದ್ದುದರಿಂದಲೇ ಯಾರು ಬೇಕಾದರೂ ಅದನ್ನು ಕೊನೆಗೆ ಸೇರಿಸಬಹುದಾಗಿತ್ತು. ಪ್ರಕ್ಷಿಪ್ತಗಳನ್ನು ಬೇರ್ಪಡಿಸುವುದರಲ್ಲಿ ಸಂಪಾದಕರು ಪಟ್ಟ ಪಾಡು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಅಂಕಿತ ಗುರುತೇ ಹೊರತು ಗುಟ್ಟಲ್ಲ. ಕಾರ್ಡಿನ ಮುಂಬದಿಯ ಹದಿನಾರು ಅಂಕಿಗಳೂ ಹಾಗೆಯೇ. ಅವು ಕಾರ್ಡಿನ ಅಂಕಿತ.

ಹಾಗಾದರೆ ನಮ್ಮ ಹಿರಿಯರಿಗೆ ಗುಟ್ಟಿನ ಬಳಕೆ ತಿಳಿದಿರಲಿಲ್ಲವೆ? ಚೆನ್ನಾಗಿಯೇ ತಿಳಿದಿತ್ತು. ದನದ ಜಾತ್ರೆಯಲ್ಲಿ ದಲ್ಲಾಳಿಗಳು ಹೆಗಲ ಮೇಲಿನ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಹಿರಿಯ ಕೇಳುಗರು ಕಂಡಿರುತ್ತಾರೆ. ಅಡಿಕೆ ಮಂಡಿಯಲ್ಲಿ ವ್ಯಾಪಾರಿಗಳು ಪ್ರತಿಯೊಂದು ರಾಶಿಗೂ ತಮ್ಮ ಬೆಲೆಯನ್ನು ಚೀಟಿಯಲ್ಲಿ ಬರೆದು ಹಾಕುತ್ತಿದ್ದರು. ಚೀಟಿ ತೆರೆಯುವವರೆಗೆ ಅದು ಗುಟ್ಟು, ತೆರೆದ ಕೂಡಲೇ ಊರ ಮಾತು. ಹುಂಡಿಯ ವ್ಯವಹಾರದಲ್ಲಿ ಜಾಣ್ಮೆ ಇನ್ನೂ ಸೂಕ್ಷ್ಮವಾಗಿತ್ತು. ಮೊತ್ತವನ್ನು ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ ಬರೆದು, ಇಷ್ಟರ ಅರ್ಧ ಇಷ್ಟು, ಅದರ ಇಮ್ಮಡಿ ಇಷ್ಟು ಎಂದು ಮತ್ತೆ ಬರೆಯುವರು. ಒಂದು ಸೊನ್ನೆಯನ್ನು ಯಾರಾದರೂ ತಿದ್ದಿದರೆ ಉಳಿದ ಲೆಕ್ಕ ಅದನ್ನು ಹಿಡಿದುಕೊಡುತ್ತದೆ. ಹುಂಡಿ ಒಂದು ದಾರಿಯಲ್ಲಿ ಹೋದರೆ, ಅದರ ವಿವರ ತಿಳಿಸುವ ಕಾಗದ ಬೇರೆ ದಾರಿಯಲ್ಲಿ ಹೋಗುತ್ತಿತ್ತು. ದಾರಿಯಲ್ಲಿ ಹುಂಡಿಯನ್ನು ಕದ್ದವನ ಕೈಗೆ ಆ ಕಾಗದ ಸಿಗುತ್ತಿರಲಿಲ್ಲ. ವಸ್ತುವನ್ನೂ ಅದರ ಸಾಕ್ಷ್ಯವನ್ನೂ ಬೇರೆಬೇರೆಯಾಗಿ ಇಡಬೇಕೆಂಬ ಈ ವಿವೇಕವನ್ನು ಕೇಳುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಗುಟ್ಟು ಹೇಗೆ ಬಯಲಾಗುತ್ತದೆ ಎಂಬುದಕ್ಕೂ ನಮ್ಮ ಸೀಮೆಯದೇ ಕಥೆಯಿದೆ. ಬಿದನೂರಿನ ಸುತ್ತ ದಟ್ಟ ಕಾಡು, ಏರಿಳಿತದ ದಾರಿಗಳು, ದಾರಿಗೊಂದು ಕಾವಲು. ಮಾರ್ಕ್ ವಿಲ್ಕ್ಸ್ ತಮ್ಮ ಚರಿತ್ರೆಯಲ್ಲಿ ಬರೆಯುವ ಪ್ರಕಾರ, ಹೈದರನಿಗೆ ನೆರವಾದವನು ಸೆರೆಯಲ್ಲಿದ್ದ ಹಿಂದಿನ ಮಂತ್ರಿ ಲಿಂಗಣ್ಣ. ಊರೊಳಗೆ ಹೋಗುವ ಕಳ್ಳದಾರಿಯೊಂದನ್ನು ತೋರಿಸಿಕೊಟ್ಟವನು ಅವನೇ. ರಾಣಿ ವೀರಮ್ಮಾಜಿ ಬಲ್ಲಾಳರಾಯನದುರ್ಗಕ್ಕೆ ಓಡಿಹೋಗಬೇಕಾಯಿತು. ಇಷ್ಟೇ ಅಲ್ಲ. ಅದಕ್ಕೆ ಮೊದಲು ಚಿತ್ರದುರ್ಗದ ಬಳಿ, ಸತ್ತನೆಂದು ಎಲ್ಲರೂ ನಂಬಿದ್ದ ಚೆನ್ನಬಸಪ್ಪನಾಯಕ ತಾನೇ ಎಂದು ಹೇಳಿಕೊಂಡ ಒಬ್ಬ ಯುವಕ ಹೈದರನ ಬಿಡಾರಕ್ಕೆ ಬಂದಿದ್ದ. ನಿಜವಾದ ದೊರೆಯೋ ವೇಷದವನೋ! ಹೈದರನಿಗೆ ಅದನ್ನು ಪರೀಕ್ಷಿಸುವ ಆತುರವೇನೂ ಇದ್ದಂತೆ ಕಾಣುವುದಿಲ್ಲ. ಬಿದನೂರಿನ ಮೇಲೆ ಹೋಗುವುದಕ್ಕೆ ಆ ಹೆಸರೊಂದು ನೆವವಾದರೆ ಸಾಕಿತ್ತು. ಕೊನೆಗೆ ರಾಣಿಯೂ ಆ ಯುವಕನೂ ಇಬ್ಬರೂ ಮಧುಗಿರಿಯ ಸೆರೆಗೆ ಹೋದರು. ಒಳಗಿನವನೊಬ್ಬ ಗುಟ್ಟು ಹೇಳಿದ, ಹೊರಗಿನವನೊಬ್ಬ ಇನ್ನೊಬ್ಬರ ಹೆಸರು ಹೊತ್ತುಬಂದ. ಇಷ್ಟು ಸೇರಿದಾಗ ಕೋಟೆಯ ಗೋಡೆ ಎಷ್ಟು ದಪ್ಪವಿದ್ದರೇನು?

ಈಗ ಕಾರ್ಡಿಗೆ ಬರೋಣ. ಮೊದಮೊದಲ ಕಾರ್ಡುಗಳಲ್ಲಿ ಹೆಸರೂ ಅಂಕಿಗಳೂ ಉಬ್ಬಿದ ಅಚ್ಚಿನಲ್ಲಿರುತ್ತಿದ್ದವು. ಅಂಗಡಿಯವನು ಕಾರ್ಬನ್ ಕಾಗದವಿಟ್ಟು ಯಂತ್ರದಿಂದ ಅದರ ಪಡಿಯಚ್ಚು ತೆಗೆದುಕೊಂಡು, ಗಿರಾಕಿಯ ಸಹಿ ಹಾಕಿಸಿ, ಕಾರ್ಡಿನ ಹಿಂಬದಿಯ ಸಹಿಯೊಡನೆ ಹೋಲಿಸಿ ನೋಡುತ್ತಿದ್ದ. ತಾಮ್ರಪಟ, ಮುದ್ರೆ, ಒಪ್ಪ ಇವೆಲ್ಲ ಇಲ್ಲಿಯೂ ಇದ್ದವೆಂದರೆ ಅತಿಶಯೋಕ್ತಿಯಲ್ಲ. ಬಿಸಾಡಿದ ಕಾರ್ಬನ್ ಕಾಗದವನ್ನು ಕಸದ ತೊಟ್ಟಿಯಿಂದ ಹೆಕ್ಕಿ ಅಂಕಿಗಳನ್ನು ಓದಿಕೊಳ್ಳುವ ಕಳ್ಳರೂ ಹುಟ್ಟಿದರು. ಅಂಕಿಗಳಲ್ಲಿ ಕೊನೆಯದು ಉಳಿದವುಗಳಿಂದ ಲೆಕ್ಕಹಾಕಿ ಬರುವಂಥದು. ಐ.ಬಿ.ಎಂ. ಸಂಸ್ಥೆಯ ಹ್ಯಾನ್ಸ್ ಪೀಟರ್ ಲೂನ್ ಎಂಬವರು 1954ರಲ್ಲಿ ಹಕ್ಕುಸ್ವಾಮ್ಯಕ್ಕೆ ಅರ್ಜಿ ಹಾಕಿ 1960ರಲ್ಲಿ ಪಡೆದ ಲೆಕ್ಕ ಅದು. ಹುಂಡಿಯ ಅರ್ಧ, ಇಮ್ಮಡಿಗಳಂತೆ ಅದು ಬರೆಯುವಾಗಿನ ತಪ್ಪನ್ನು ಹಿಡಿಯುತ್ತದೆ, ಕಳ್ಳನನ್ನು ಹಿಡಿಯುವುದಿಲ್ಲ. ಲೆಕ್ಕ ತಿಳಿದ ಯಾರೂ ಅಂಥ ಅಂಕಿಯನ್ನು ಹುಟ್ಟಿಸಬಹುದು.

ದೂರವಾಣಿಯಲ್ಲಿ, ಅಂಚೆಯಲ್ಲಿ, ಆಮೇಲೆ ಅಂತರಜಾಲದಲ್ಲಿ ಸಾಮಾನು ತರಿಸುವ ಕಾಲ ಬಂದಾಗ ತೊಂದರೆ ಬಲಿಯಿತು. ಕಾರ್ಡು ಅಂಗಡಿಯವನ ಎದುರಿಗಿಲ್ಲ. ಗಿರಾಕಿಯ ಮುಖವಿಲ್ಲ, ಸಹಿಯಿಲ್ಲ. ಉಳಿದದ್ದು ಹದಿನಾರು ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು. 1995ರಲ್ಲಿ ಇಂಗ್ಲೆಂಡಿನ ಈಕ್ವಿಫ್ಯಾಕ್ಸ್ ಸಂಸ್ಥೆಯ ಮೈಕೇಲ್ ಸ್ಟೋನ್ ಎಂಬವರು ಇದಕ್ಕೊಂದು ಉಪಾಯ ಸೂಚಿಸಿದರು. ಅವರು ಯೋಚಿಸಿದ್ದು ಅಕ್ಷರವೂ ಅಂಕಿಯೂ ಬೆರೆತ ಹನ್ನೊಂದು ಚಿಹ್ನೆಗಳ ಸಂಕೇತ. ಪ್ರಯೋಗ ಮಾಡಿ ನೋಡಿದ ಮೇಲೆ ಅಲ್ಲಿಯ ಬ್ಯಾಂಕುಗಳ ಒಕ್ಕೂಟ ಅದನ್ನು ಮೂರಂಕಿಗೆ ಇಳಿಸಿತು. ಹನ್ನೊಂದನ್ನು ಯಾರು ತಾನೆ ದೂರವಾಣಿಯಲ್ಲಿ ತಪ್ಪಿಲ್ಲದೆ ಓದಿಯಾರು? ಮಾಸ್ಟರ್‌ಕಾರ್ಡ್ 1997ರಲ್ಲಿ ಅದನ್ನು ಬಳಕೆಗೆ ತಂದಿತು. ಅಮೆರಿಕನ್ ಎಕ್ಸ್‌ಪ್ರೆಸ್ 1999ರಲ್ಲಿ, ತನ್ನ ಕಾರ್ಡಿನ ಮುಂಬದಿಯಲ್ಲಿಯೇ ನಾಲ್ಕಂಕಿಯಾಗಿ. ವೀಸಾ ಅಮೆರಿಕದಲ್ಲಿ 2001ರ ಹೊತ್ತಿಗೆ.

ಆ ಮೂರಂಕಿ ಬಾಯಿಗೆ ಬಂದಂತೆ ಬರೆದದ್ದಲ್ಲ. ಕಾರ್ಡಿನ ಸಂಖ್ಯೆಯನ್ನೂ ಅವಧಿಯ ತಿಂಗಳನ್ನೂ ತೆಗೆದುಕೊಂಡು, ಬ್ಯಾಂಕು ತನ್ನಲ್ಲಿ ಮಾತ್ರ ಇರುವ ಗುಪ್ತವಾದ ಕೀಲಿಸಂಖ್ಯೆಯಿಂದ ಅವನ್ನು ಕಲಸುತ್ತದೆ. ಹೊರಬಿದ್ದುದರಲ್ಲಿ ಮೂರು ಅಂಕಿಗಳನ್ನು ಆರಿಸಿ ಅಚ್ಚುಹಾಕುತ್ತದೆ. ನಾವು ತಿಳಿಸಿದಾಗ ಬ್ಯಾಂಕು ಮತ್ತೆ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಕಾರ್ಡಿನ ಕಪ್ಪು ಕಾಂತಪಟ್ಟಿಯಲ್ಲಿ ಇಂಥದೇ ಇನ್ನೊಂದು ಸಂಕೇತ ಅಡಗಿದೆ, ಅದರ ಅಂಕಿಗಳು ಬೇರೆ. ಹಾಗಾಗಿ ಪಟ್ಟಿಯನ್ನು ಕದ್ದು ಓದಿದವನಿಗೆ ಬೆನ್ನಿನ ಮೂರಂಕಿ ಸಿಗುವುದಿಲ್ಲ. ಉಬ್ಬಚ್ಚಿನಲ್ಲಿ ಇಲ್ಲದ್ದರಿಂದ ಕಾರ್ಬನ್ ಕಾಗದಕ್ಕೂ ಅದು ಬೀಳುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾದ ನಿಯಮ ಮತ್ತೊಂದು. ಕಾರ್ಡು ಸಂಸ್ಥೆಗಳು ಸೇರಿ 2004ರಲ್ಲಿ ರೂಪಿಸಿದ ಕಟ್ಟಳೆಯಂತೆ, ವ್ಯವಹಾರಕ್ಕೆ ಬ್ಯಾಂಕಿನ ಅನುಮತಿ ಸಿಕ್ಕಮೇಲೆ ಅಂಗಡಿಯವನು ಆ ಮೂರಂಕಿಯನ್ನು ಎಲ್ಲಿಯೂ ಬರೆದಿಟ್ಟುಕೊಳ್ಳಕೂಡದು. ಅವನ ಕಡತವೆಲ್ಲ ಕಳುವಾದರೂ ಮೂರಂಕಿ ಕಳುವಾಗಬಾರದು. ಕಡತವೆಂದೊಡನೆ ನೆನಪಾಯಿತು: ಹುಣಿಸೆಬೀಜದ ಅಂಟು, ಇದ್ದಿಲಪುಡಿ ಬಳಿದ ಕರಿಯ ಬಟ್ಟೆಯನ್ನು ಮಡಿಸಿ, ಬಳಪದಿಂದ ಬರೆಯುತ್ತಿದ್ದ ನಮ್ಮ ಹಳೆಯ ಕಡತದಲ್ಲಿ ಬೇಡವಾದದ್ದನ್ನು ಒರಸಿಹಾಕುವ ಅನುಕೂಲವಿತ್ತು. ಈಗಿನ ಯಂತ್ರಗಳಲ್ಲಿ ಒರಸಿದ್ದು ನಿಜವಾಗಿ ಒರಸಿಹೋಯಿತೇ ಎಂದು ತಿಳಿಯುವುದೇ ಕಷ್ಟ.

ಮೂರಂಕಿಯೆಂದರೆ ಒಟ್ಟು ಸಾವಿರ ಸಾಧ್ಯತೆ. ಒಂದೇ ಕಡೆ ಸಾವಿರ ಸಲ ಪ್ರಯತ್ನಿಸಿದರೆ ಸಿಕ್ಕಿಬೀಳುವುದು ಖಂಡಿತ. ಒಂದೊಂದು ಅಂಗಡಿಯಲ್ಲಿ ನಾಲ್ಕಾರು ಸಲದಂತೆ ನೂರಾರು ಅಂತರಜಾಲ ಅಂಗಡಿಗಳಿಗೆ ಹಂಚಿಬಿಟ್ಟರೆ? 2016ರಲ್ಲಿ ನ್ಯೂಕಾಸಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಇದನ್ನೇ ಮಾಡಿ ತೋರಿಸಿದರು. ವೀಸಾ ಜಾಲದಲ್ಲಿ ಇದು ನಡೆಯಿತು, ಕೆಲವೇ ಸೆಕೆಂಡುಗಳಲ್ಲಿ. ಮಾಸ್ಟರ್‌ಕಾರ್ಡಿನ ಜಾಲ ಬೇರೆಬೇರೆ ಕಡೆಯ ಪ್ರಯತ್ನಗಳನ್ನೂ ಒಟ್ಟುಗೂಡಿಸಿ ನೋಡುತ್ತಿದ್ದುದರಿಂದ ಅಲ್ಲಿ ಅದು ಸಾಗಲಿಲ್ಲ.

ಮೂರಂಕಿಯ ಮೂಲದೋಷ ಮಾತ್ರ ಎಣಿಕೆಯಲ್ಲಿಲ್ಲ, ಅದಿರುವ ಜಾಗದಲ್ಲಿದೆ. ಅದು ಗುಟ್ಟು ಹೌದು. ಆದರೆ ಯಾವುದನ್ನು ಕಾಯಬೇಕೋ ಅದರ ಬೆನ್ನಿನ ಮೇಲೆಯೇ ಬರೆದಿಟ್ಟ ಗುಟ್ಟು. ಬೀಗದ ಕೈಯನ್ನು ಬೀಗಕ್ಕೇ ಕಟ್ಟಿಹೋದಂತೆ. ಹೋಟೆಲಿನಲ್ಲಿ ಕಾರ್ಡನ್ನು ಒಳಗೆ ಕೊಂಡೊಯ್ದವನಿಗೆ ಎರಡು ಮುಖವೂ ಕಾಣುತ್ತವೆ. ಹುಂಡಿಯೂ ಅದರ ಕಾಗದವೂ ಒಂದೇ ಚೀಲದಲ್ಲಿ ಹೋದ ಹಾಗಾಯಿತು.

ಇದನ್ನು ನಮ್ಮ ರಿಸರ್ವ್ ಬ್ಯಾಂಕು ಬೇಗನೆ ಗುರುತಿಸಿತೆಂಬುದನ್ನು ಮೆಚ್ಚಿ ಹೇಳಲೇಬೇಕು. 2009ರ ಫೆಬ್ರವರಿಯ ಅದರ ಆದೇಶ ಅದೇ ಆಗಸ್ಟ್ 1ರಿಂದ ಜಾರಿಗೆ ಬಂತು. ಅಂತರಜಾಲದಲ್ಲಿ ಕಾರ್ಡು ಬಳಸುವಾಗ, ಕಾರ್ಡಿನ ಮೇಲೆ ಕಾಣದಂಥ ಮಾಹಿತಿಯೊಂದನ್ನು ಹೆಚ್ಚುವರಿಯಾಗಿ ಕೇಳಲೇಬೇಕು ಎಂಬುದು ಅದರ ತಿರುಳು. ಕಾರ್ಡಿನ ಮೇಲೆ ಕಾಣದಂಥದು! ಅಮೆರಿಕದಂಥ ದೇಶಗಳಲ್ಲಿ ಇಂಥ ಕಡ್ಡಾಯ ಇರಲಿಲ್ಲ. ವ್ಯಾಪಾರಕ್ಕೆ ಅಡ್ಡಿಯಾಗುತ್ತದೆಂದು ಹಲವರು ಗೊಣಗಿದರು. ಮೊದಲು ಗುಪ್ತಪದ, ಆಮೇಲೆ ಮೊಬೈಲಿಗೆ ಬರುವ ಓ.ಟಿ.ಪಿ. ರೂಢಿಗೆ ಬಂದವು. ಮಂಡಿಯ ಚೀಟಿಯಂತೆ ಓ.ಟಿ.ಪಿ. ಸ್ವಲ್ಪ ಹೊತ್ತಿನ ಗುಟ್ಟು. ಬಳಸಿಯಾದ ಮೇಲೆ ಕಸ. 2020ರಲ್ಲಿ ಅಂತರಜಾಲದ ಬಳಕೆಯನ್ನೂ ವಿದೇಶದ ಬಳಕೆಯನ್ನೂ ಗ್ರಾಹಕನೇ ಬೇಕಾದಾಗ ತೆರೆದು ಮುಚ್ಚುವ ಸೌಕರ್ಯ ಬಂತು; ವಿದೇಶದ ಕೆಲವು ಅಂಗಡಿಗಳಲ್ಲಿ ಓ.ಟಿ.ಪಿ. ಇಲ್ಲದೆ ಮೂರಂಕಿಯ ಬಲದಲ್ಲಿಯೇ ಹಣ ಹೋಗಬಹುದಾದ್ದರಿಂದ ಇದು ಸಣ್ಣ ಮಾತಲ್ಲ. 2022ರ ಅಕ್ಟೋಬರ್ 1ರಿಂದ ಅಂಗಡಿಯವರು ಹದಿನಾರು ಅಂಕಿಗಳನ್ನೂ ಇಟ್ಟುಕೊಳ್ಳುವಂತಿಲ್ಲ. ಅದರ ಬದಲಿಗೆ ಆ ಅಂಗಡಿಗೆ ಮಾತ್ರ ಸಲ್ಲುವ ಬೇರೊಂದು ಸಂಖ್ಯೆಯನ್ನಷ್ಟೇ ಇಟ್ಟುಕೊಳ್ಳಬೇಕು.

ಕಾನೂನು ಹೀಗೆ ಒಂದೊಂದೇ ಬಾಗಿಲು ಹಾಕುತ್ತ ಬಂತು. ಬಾಗಿಲುಗಳೆಲ್ಲ ಮುಚ್ಚಿದಾಗ ಕಳ್ಳ ಏನು ಮಾಡಬೇಕು? ಒಳಗಿರುವವರನ್ನೇ ಕರೆದು ಬಾಗಿಲು ತೆರೆಸಬೇಕು. ನಮ್ಮ ಮಲೆನಾಡಿನ ಪರಿಸ್ಥಿತಿ ಅವನಿಗೆ ಬಹಳ ಅನುಕೂಲ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ; ತೋಟದ ಮನೆಯಲ್ಲಿ ಇಬ್ಬರು ವೃದ್ಧರು. ಅಡಿಕೆಯ ಹಣ ಬ್ಯಾಂಕಿಗೆ ಬಂದಿರುತ್ತದೆ. ಕರೆ ಸಿಗಬೇಕಾದರೆ ಅಂಗಳದ ಮೂಲೆಗೋ ಗುಡ್ಡದ ನೆತ್ತಿಗೋ ಹೋಗಬೇಕಾದ ಊರುಗಳು ಶರಾವತಿಯ ಹಿನ್ನೀರಿನ ಕಡೆ ಎಷ್ಟೋ ಇದ್ದವು. 2021ರಲ್ಲಿ, ನೆಟ್‌ವರ್ಕ್ ಕೊಡದಿದ್ದರೆ ಮತವನ್ನೂ ಕೊಡುವುದಿಲ್ಲವೆಂದು ಜನ ಚಳವಳಿ ಹೂಡಿದ್ದು ಇದಕ್ಕಾಗಿಯೇ. ಅಂಥಲ್ಲಿ ಓ.ಟಿ.ಪಿ. ಬರುವಷ್ಟರಲ್ಲಿ ಅದರ ಅವಧಿ ತೀರಿರುತ್ತದೆ. ಆದ್ದರಿಂದ ಮಗನಿಗೆ ಕಾರ್ಡಿನ ಅಂಕಿಗಳನ್ನೆಲ್ಲ ಕರೆಯಲ್ಲಿ ಓದಿ ಹೇಳುವುದು ಅನೇಕ ಮನೆಗಳಲ್ಲಿ ಅಭ್ಯಾಸವಾಯಿತು. ಗುಟ್ಟನ್ನು ಬಾಯಿಬಿಟ್ಟು ಹೇಳುವುದು ತಪ್ಪೆಂಬ ಭಾವನೆ ಮೊದಲು ಸವೆದದ್ದು ಈ ಪ್ರೀತಿಯ ವ್ಯವಹಾರದಲ್ಲಿ.

ತೀರ್ಥಹಳ್ಳಿಯ ಕಡೆಯ ನನ್ನ ಪರಿಚಯದ ಹಿರಿಯರೊಬ್ಬರಿಗೆ ಇಂಥ ಕರೆ ಬಂತು. ಓದುಬರಹ ಬಲ್ಲವರು, ಲೆಕ್ಕದಲ್ಲಿ ಗಟ್ಟಿಗರು. ಅವರು ನನ್ನೊಡನೆ ಹೇಳಿದ ಮಾತನ್ನು ಹಾಗೆಯೇ ಹೇಳುತ್ತೇನೆ: "ಮೇಷ್ಟ್ರೇ, ಅವನು ನನ್ನ ಹತ್ತಿರ ಕಾರ್ಡಿನ ನಂಬರ್ ಕೇಳಲೇ ಇಲ್ಲ. ಅಷ್ಟೂ ಅಂಕೆ ತಾನೇ ಓದಿ ಹೇಳಿದ, ನನ್ನ ಹೆಸರು, ನಮ್ಮೂರ ಹೆಸರು ಎಲ್ಲ ಹೇಳಿದ. ಬ್ಯಾಂಕಿನವನಲ್ಲದಿದ್ದರೆ ಇದೆಲ್ಲ ಅವನಿಗೆ ಹ್ಯಾಗೆ ಗೊತ್ತಾಗ್ತದೆ? ಹಿಂದಿರುವ ಮೂರಂಕೆ ಮಾತ್ರ ಸರಿಯಾಗಿದೆಯಾ ನೋಡಬೇಕು ಅಂದ, ಹೇಳಿದೆ. ಆಮೇಲೆ ಮೊಬೈಲಿಗೆ ಬಂದದ್ದನ್ನೂ ಹೇಳಿದೆ." ನಾನು, "ಆವಾಗ ಮನೆಯಲ್ಲಿ ಯಾರಿದ್ದರು?" ಎಂದು ಕೇಳಿದೆ. "ಯಾರಿರ್ತಾರೆ? ಇವಳು ಇದ್ದಳು. ಹೇಳಿ, ಪಾಪ, ಅವರಿಗೆ ಹೊತ್ತಾಗ್ತದೆ ಅಂದಳು" ಎಂದರು.

ಆ ಹಿರಿಯರ ತರ್ಕದಲ್ಲಿ ಲೋಪವೇನೂ ಇಲ್ಲ. ಅದು ಹಳೆಯ ಕಾಲದ ತರ್ಕ, ಅಷ್ಟೆ. ಗುರುತನ್ನು ಬಲ್ಲವನು ನಮ್ಮವನು ಎಂಬ ನಂಬಿಕೆಯ ಮೇಲೆ ನಾಡಿನ ವ್ಯವಹಾರ ನೂರಾರು ವರ್ಷ ನಡೆದಿತ್ತು. ಎಲ್ಲಿಂದಲೋ ಸೋರಿಹೋದ ಹದಿನಾರು ಅಂಕಿಗಳನ್ನು ಓದಿ ಹೇಳಿ ಕಳ್ಳ ತನ್ನನ್ನು ತಾನು ರುಜುವಾತು ಮಾಡಿಕೊಂಡ. ವಿಚಿತ್ರವೆಂದರೆ, ಗ್ರಾಹಕ ಯಾರೆಂದು ತಿಳಿಯಲು ಬ್ಯಾಂಕಿಗೆ ಮೂರಂಕಿಯಿದೆ, ಓ.ಟಿ.ಪಿ. ಇದೆ, ಪಿನ್ ಇದೆ. ಕರೆ ಮಾಡಿದವನು ಬ್ಯಾಂಕಿನವನೇ ಎಂದು ತಿಳಿಯಲು ಆ ಗ್ರಾಹಕನ ಕೈಯಲ್ಲಿ ಏನೂ ಇರಲಿಲ್ಲ. ಅರಸನ ಒಪ್ಪವನ್ನು ಪ್ರಜೆ ಓದಿ ನೋಡಬಹುದಾಗಿತ್ತು.

ನಷ್ಟ ಯಾರದು ಎಂಬ ಪ್ರಶ್ನೆ ಇಲ್ಲಿ ಎದ್ದುನಿಲ್ಲುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಗ್ರಾಹಕನ ಹೊಣೆಗೆ ಮಿತಿ ಹಾಕಿತು, ಅದು ಒಳ್ಳೆಯ ಕೆಲಸವೇ. ತಪ್ಪು ಬ್ಯಾಂಕಿನದಾಗಿದ್ದರೆ ಗ್ರಾಹಕನಿಗೆ ನಷ್ಟವಿಲ್ಲ. ತಪ್ಪು ಮೂರನೆಯವರದಾಗಿದ್ದು ಗ್ರಾಹಕ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಆಗಲೂ ಇಲ್ಲ. ಗ್ರಾಹಕನೇ ಅಜಾಗರೂಕತೆಯಿಂದ ಗುಟ್ಟನ್ನು ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ ಎಂದು ಅದೇ ಸುತ್ತೋಲೆ ಹೇಳಿತು. ನಾಣ್ಯದ ಕಾಲದಲ್ಲಿ ಒರೆಗೆ ಹಚ್ಚಿ ನೋಡಬಲ್ಲ ವ್ಯಾಪಾರಿಯ ಮೇಲಿದ್ದ ಹೊರೆ, ಕಾರ್ಡಿನ ಆರಂಭದ ಕಾಲದಲ್ಲಿ ಅಂಗಡಿಯವನ ಮೇಲೂ ಬ್ಯಾಂಕಿನ ಮೇಲೂ ಇದ್ದ ಹೊರೆ, ಗುಟ್ಟು ಗಟ್ಟಿಯಾಗುತ್ತ ಹೋದಂತೆ ಜಾರಿ ಜಾರಿ ಅದನ್ನು ಕಾಯಬೇಕಾದ ಕಟ್ಟಕಡೆಯ ಮನುಷ್ಯನ ಮೇಲೆ ಬಂದು ನಿಂತಿತು. ಅವರು ಎಪ್ಪತ್ತು ದಾಟಿದವರು, ಒಂಟಿಮನೆಯವರು, ಎದುರಿನವರ ಮಾತಿಗೆ ಮರ್ಯಾದೆ ಕೊಟ್ಟು ಬೆಳೆದವರು. ಅಜಾಗರೂಕತೆ ಎಂಬ ಒಂದು ಪದದಲ್ಲಿ ಅವರ ಸೌಜನ್ಯವನ್ನೂ ಸೇರಿಸಿ ಕಟ್ಟಿಹಾಕುವುದು ನನಗೆ ನ್ಯಾಯವಾಗಿ ತೋರುವುದಿಲ್ಲ. ಕೂಟಶಾಸನ ಮಾಡಿದವನನ್ನು ದಂಡಿಸಬೇಕೆಂದು ಧರ್ಮಶಾಸ್ತ್ರಕಾರರು ಬರೆದರು.

ಮೋಸವಾಯಿತೆಂದು ಗೊತ್ತಾದ ಕೂಡಲೆ 1930 ಎಂಬ ಸಂಖ್ಯೆಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು; ಹಣ ಕೈಯಿಂದ ಕೈಗೆ ದಾಟುವ ಮೊದಲು ತಡೆಯುವ ಅವಕಾಶ ಆ ಮೊದಲ ಗಳಿಗೆಗಳಲ್ಲಿ ಹೆಚ್ಚು. ನಾಚಿಕೆಯಿಂದ ಎರಡು ದಿನ ಮಕ್ಕಳಿಗೂ ಹೇಳದೆ ಕುಳಿತವರನ್ನು ನಾನು ಬಲ್ಲೆ. ತೀರ್ಥಹಳ್ಳಿಯ ಆ ಹಿರಿಯರು ಕಾರ್ಡಿನ ಹಿಂಬದಿಯ ಮೂರಂಕಿಯನ್ನು ಚಾಕುವಿನ ತುದಿಯಿಂದ ಕೆರೆದು ತೆಗೆದಿದ್ದಾರೆ. ಅದನ್ನು ಈಗ ಎಲ್ಲಿ ಬರೆದಿಟ್ಟಿದ್ದೀರಿ ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. 2023ರಲ್ಲಿ ನಮ್ಮ ದೇಶದಲ್ಲಿಯೂ ಮೇಲೆ ಒಂದೂ ಅಂಕಿಯಿಲ್ಲದ ಕಾರ್ಡು ಬಂದಿತು: ಹದಿನಾರು ಅಂಕಿಯಿಲ್ಲ, ತಿಂಗಳಿಲ್ಲ, ಹಿಂದೆ ಮೂರಂಕಿಯೂ ಇಲ್ಲ. ಇಕ್ಕೇರಿಯ ಚಿನಿವಾರನ ಕೈಗೆ ಅಂಥದೊಂದನ್ನು ಕೊಟ್ಟಿದ್ದರೆ ಅವನು ಮಗುಚಿ ಮಗುಚಿ ನೋಡಿ, ಇನ್ನೂ ಅಚ್ಚು ಬಿದ್ದಿಲ್ಲ ಎಂದು ಟಂಕಸಾಲೆಗೆ ಹಿಂದಕ್ಕೆ ಕಳುಹಿಸುತ್ತಿದ್ದ.